ಅಂಗಡಿ, ಬಾಡಿಗೆ, ತೋಟ: ಗಾಡಿಯ ಪೆಟ್ರೋಲ್-ಡೀಸೆಲ್ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಸಣ್ಣ ವ್ಯಾಪಾರಿಗೆ ಗಾಡಿ ಇಲ್ಲದೆ ನಡೆಯುವುದಿಲ್ಲ. ಸರಕು ಮಂಗಳೂರಿನಿಂದ ಬರಬೇಕು, ಗಿರಾಕಿಗಳು ಗುಡ್ಡ-ಬೈಲುಗಳಲ್ಲಿ ಚದುರಿಕೊಂಡಿದ್ದಾರೆ. ಆದರೆ ರಿಟರ್ನ್ಸ್ ಹಾಕುವಾಗ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ನ್ಯಾಯವಾಗಿ ಕಳೆಯಬಹುದಾದ ಖರ್ಚನ್ನು ಬಿಟ್ಟೇಬಿಡುತ್ತಾರೆ, ಇಲ್ಲವೇ ಮನೆ ಮಂದಿಯ ತಿರುಗಾಟವನ್ನೂ ಸೇರಿಸಿ ದೊಡ್ಡ ಮೊತ್ತ ಬರೆದು ನೋಟಿಸು ಬಂದಾಗ ಉತ್ತರ ಇಲ್ಲದೆ ಕೂರುತ್ತಾರೆ. ಬದಿಯಡ್ಕ, ಪೆರ್ಲ, ಉಪ್ಪಳ, ಮುಳ್ಳೇರಿಯ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಮೊದಲು ಒಂದು ಮಾತು. 2026 ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ. 2026 ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಇಲ್ಲಿ ಹೇಳುವ ತತ್ವಗಳು ಬದಲಾಗಿಲ್ಲ. ಜನರ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇರುವುದರಿಂದ ನಾವೂ ಅವನ್ನೇ ಬಳಸಿದ್ದೇವೆ.

ಪೆಟ್ರೋಲ್ ಖರ್ಚು ಕಳೆಯಬಹುದು ಎಂದು ಕಾಯ್ದೆಯಲ್ಲಿ ಎಲ್ಲಿ ಬರೆದಿದೆ?

ಪೆಟ್ರೋಲ್ ಎಂಬ ಹೆಸರು ಹಿಡಿದು ಎಲ್ಲೂ ಬರೆದಿಲ್ಲ. ಸೆಕ್ಷನ್ 37(1) ಹೇಳುವುದು ಇಷ್ಟು: ಪೂರ್ತಿಯಾಗಿ ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚು, ಸ್ವಂತದ್ದಲ್ಲದ ಖರ್ಚು, ಆಸ್ತಿ ಕೊಂಡದ್ದಲ್ಲದ ಖರ್ಚು ಲಾಭದಿಂದ ಕಳೆಯತಕ್ಕದ್ದು. ಹೊಸ ಕಾಯ್ದೆಯಲ್ಲಿ ಇದು ಸೆಕ್ಷನ್ 34. ಗಾಡಿಗೆ ಹಾಕಿದ ಎಣ್ಣೆ ಈ ಮೂರೂ ಪರೀಕ್ಷೆಯಲ್ಲಿ ಪಾಸಾಗಬೇಕು. ತಕರಾರು ಹುಟ್ಟುವುದು ಯಾವಾಗಲೂ ಎರಡನೆಯದರಲ್ಲಿ, ಅಂದರೆ ಸ್ವಂತದ್ದೋ ವ್ಯಾಪಾರದ್ದೋ ಎಂಬಲ್ಲಿ.

ನಾನು 44ಎಡಿ ಪ್ರಕಾರ ಶೇ. 8 ಅಥವಾ 6 ಲಾಭ ತೋರಿಸುತ್ತೇನೆ. ಅದರಿಂದ ಪೆಟ್ರೋಲ್ ಕಳೆಯಬಹುದೇ?

ಆಗುವುದಿಲ್ಲ. 44ಎಡಿ ಎಂದರೆ ಸಣ್ಣ ವ್ಯಾಪಾರಿ ಲೆಕ್ಕಪುಸ್ತಕ ಇಡದೆ ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ತೋರಿಸಲು ಬಿಡುವ ಸೆಕ್ಷನ್. ನಗದಾಗಿ ಬಂದ ವಹಿವಾಟಿನ ಮೇಲೆ ಶೇ. 8, ಬ್ಯಾಂಕ್-ಯುಪಿಐ ಮೂಲಕ ಬಂದದ್ದರ ಮೇಲೆ ಶೇ. 6 ಎಂಬ ಆ ಲೆಕ್ಕದಲ್ಲಿ ಪೆಟ್ರೋಲ್, ಬಾಡಿಗೆ, ಕರೆಂಟು, ಸವಕಳಿ (ಗಾಡಿಯಂಥ ಆಸ್ತಿ ಹಳತಾಗುತ್ತ ಕುಗ್ಗುವ ಬೆಲೆ) ಎಲ್ಲವೂ ಕಳೆದೇ ಹೋಗಿದೆ ಎಂದು ಕಾಯ್ದೆ ಭಾವಿಸುತ್ತದೆ. ಉಪ್ಪಳದ ಒಂದು ಪಾತ್ರೆ ಅಂಗಡಿಗೆ ವರ್ಷಕ್ಕೆ 60 ಲಕ್ಷ ರೂ. ವಹಿವಾಟು, ಎಲ್ಲವೂ ಬ್ಯಾಂಕಿಗೇ ಬಂದದ್ದು ಎಂದಿಟ್ಟುಕೊಳ್ಳಿ. ಲಾಭ 3.60 ಲಕ್ಷ. ಪಿಕಪ್ಪಿಗೆ 1 ಲಕ್ಷದ ಡೀಸೆಲ್ ಹಾಕಿಸಿದ್ದರೂ ಲಾಭ 2.60 ಲಕ್ಷ ಆಗುವುದಿಲ್ಲ.

ನಿಜವಾದ ಲಾಭ ಇದಕ್ಕಿಂತ ಕಡಿಮೆ ಇದ್ದರೆ ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭವನ್ನೇ ತೋರಿಸಬಹುದು. ಆದರೆ 44ಎಡಿಗೆ ಒಮ್ಮೆ ಸೇರಿದವರು ಐದು ವರ್ಷದೊಳಗೆ ಹೊರಬಂದರೆ ಮುಂದಿನ ಐದು ವರ್ಷ ಮತ್ತೆ ಒಳಗೆ ಹೋಗುವಂತಿಲ್ಲ. ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಮೇಲಿದ್ದರೆ ಆಡಿಟ್ ಕೂಡ ಆಗಬೇಕು. ಸಣ್ಣ ಅಂಗಡಿಗೆ ಆಡಿಟ್ ಫೀಸು ಒಂದು ಹೊರೆಯೇ. ಡೀಸೆಲ್ ಕಳೆದು ಉಳಿಯುವ ತೆರಿಗೆ ಆ ಫೀಸಿಗಿಂತ ಹೆಚ್ಚೇ ಎಂದು ಕಾಗದದಲ್ಲಿ ಲೆಕ್ಕ ಹಾಕಿದ ಮೇಲೆಯೇ ನಿರ್ಧರಿಸಿ.

ವಿಮಾ ಏಜೆಂಟರು, ಕಮಿಷನ್ ವ್ಯಾಪಾರದವರು, ದಲ್ಲಾಳಿಗಳು 44ಎಡಿಗೆ ಬರುವುದೇ ಇಲ್ಲ. ಊರೂರು ಬೈಕಿನಲ್ಲಿ ತಿರುಗುವ ಏಜೆಂಟರಿಗೆ ನಿಜವಾದ ಪೆಟ್ರೋಲ್ ಲೆಕ್ಕವೇ ದಾರಿ, ಹಾಗಾಗಿ ಮುಂದೆ ಹೇಳುವ ಲಾಗ್ ಪುಸ್ತಕ ಅವರಿಗೆ ಎಲ್ಲರಿಗಿಂತ ಹೆಚ್ಚು ಬೇಕು.

ನನಗೆ ಅಂಗಡಿಯೂ ಇದೆ, ಅಡಿಕೆ ತೋಟವೂ ಇದೆ. ಜೀಪು ಒಂದೇ. ಏನು ಮಾಡಲಿ?

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ತೆರಿಗೆ ಇಲ್ಲದ ಆದಾಯಕ್ಕಾಗಿ ಮಾಡಿದ ಖರ್ಚನ್ನು ತೆರಿಗೆ ಇರುವ ಆದಾಯದಿಂದ ಕಳೆಯುವಂತೆಯೂ ಇಲ್ಲ. ಮೈಲುತುತ್ತು ತರಲು ಹೋದದ್ದು, ತೋಟಕ್ಕೆ ಗೊಬ್ಬರ ಹೊತ್ತದ್ದು, ಸ್ವಂತ ತೋಟದ ಚಾಲಿ ಅಡಿಕೆಯನ್ನು ಕ್ಯಾಂಪ್ಕೋಗೆ ಕೊಂಡೊಯ್ದದ್ದು ಎಲ್ಲವೂ ತೋಟದ ಖರ್ಚು. ಬೇರೆಯವರಿಂದ ಅಡಿಕೆ ಕೊಂಡು ಮಾರಿದರೆ ಅದು ವ್ಯಾಪಾರ, ಆ ಟ್ರಿಪ್ಪಿನ ಡೀಸೆಲ್ ವ್ಯಾಪಾರದ್ದು. ಒಂದೇ ಟ್ರಿಪ್ಪಿನಲ್ಲಿ ಎರಡೂ ಇದ್ದರೆ ಗೋಣಿಗಳ ಲೆಕ್ಕದಲ್ಲಿ ಭಾಗ ಮಾಡಿ: ಹತ್ತರಲ್ಲಿ ನಾಲ್ಕು ಗೋಣಿ ಸ್ವಂತದ್ದಾದರೆ ಶೇ. 40 ತೋಟಕ್ಕೆ.

ತೋಟದ ಪಾಲಿನ ಡೀಸೆಲ್ ವ್ಯರ್ಥವಾಗುವುದಿಲ್ಲ. ವ್ಯಾಪಾರದ ಆದಾಯ ತೆರಿಗೆ ಮಿತಿಗಿಂತ ಮೇಲಿದ್ದು ನಿವ್ವಳ ಕೃಷಿ ಆದಾಯ 5,000 ರೂ. ದಾಟಿದರೆ, ತೆರಿಗೆಯ ದರ ನಿಶ್ಚಯಿಸಲು ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ. ರಿಟರ್ನ್ಸಿನ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಕೃಷಿಯ ಒಟ್ಟು ಮಾರಾಟಕ್ಕೊಂದು, ಕೃಷಿಯ ಖರ್ಚಿಗೊಂದು ಕಾಲಂ ಇದೆ. ಹಲವರು ಅಡಿಕೆ ಮಾರಿದ ಪೂರ್ತಿ ಹಣ ಬರೆದು ಖರ್ಚಿನ ಕಾಲಂ ಖಾಲಿ ಬಿಡುತ್ತಾರೆ. ಆಗ ಅಂಗಡಿಯ ಆದಾಯದ ಮೇಲಿನ ತೆರಿಗೆ ಸುಮ್ಮನೆ ಏರುತ್ತದೆ. ಕೊಯ್ಲಿನ ಕೂಲಿ, ಗೊಬ್ಬರ, ಮದ್ದು ಬಿಡುವ ಖರ್ಚಿನ ಜೊತೆ ತೋಟದ ಡೀಸೆಲ್ಲನ್ನೂ ಅಲ್ಲಿ ಬರೆಯಿರಿ.

ಇನ್ನೊಂದು: ಕೃಷಿ ಆದಾಯ 5,000 ರೂ. ಮೀರಿದವರು ಐಟಿಆರ್-4 ಎಂಬ ಚಿಕ್ಕ ರಿಟರ್ನ್ಸ್ ಫಾರ್ಮು ಹಾಕುವಂತಿಲ್ಲ. 44ಎಡಿಯಲ್ಲೇ ಇದ್ದರೂ ಐಟಿಆರ್-3 ಎಂಬ ದೊಡ್ಡ ಫಾರ್ಮು ಹಾಕಬೇಕು. ತೋಟ ಇರುವ ಅಂಗಡಿಯವರು ಸುಲಭ ಎಂದು ಐಟಿಆರ್-4 ಹಾಕಿ ತೋಟವನ್ನೇ ಬಿಟ್ಟುಬಿಡುವುದು ಸರಿಯಲ್ಲ.

ಪಿಕಪ್ ಬಾಡಿಗೆಗೆ ಓಡಿಸುತ್ತೇನೆ. ಡೀಸೆಲ್ ಬಿಲ್ ಇಡಬೇಕೇ?

ಹತ್ತಕ್ಕಿಂತ ಹೆಚ್ಚು ಸರಕು ಗಾಡಿ ಇಲ್ಲದವರಿಗೆ 44ಎಡಿಯಂತೆಯೇ ಅಂದಾಜು ಲಾಭ ತೋರಿಸುವ ಸೆಕ್ಷನ್ 44ಎಇ ಇದೆ. ಗಾಡಿಯ ಒಟ್ಟು ತೂಕ, ಅಂದರೆ ಆರ್‌ಸಿಯಲ್ಲಿ ಬರೆದ ಜಿವಿಡಬ್ಲ್ಯು, 12,000 ಕೆಜಿಗಿಂತ ಮೇಲಿಲ್ಲದಿದ್ದರೆ ತಿಂಗಳಿಗೆ 7,500 ರೂ. ಲಾಭ. ಅದಕ್ಕಿಂತ ಭಾರದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂ. ಮುರಕಲ್ಲು ಹೊರುವ ಒಂದು ಪಿಕಪ್ಪಿಗೆ ವರ್ಷಕ್ಕೆ 90,000 ರೂ., 16 ಟನ್ನಿನ ಲಾರಿಗೆ 1,92,000 ರೂ. ತಿಂಗಳಲ್ಲಿ ಒಂದೇ ದಿನ ನಿಮ್ಮ ಹೆಸರಿನಲ್ಲಿದ್ದರೂ ಪೂರ್ತಿ ತಿಂಗಳು ಎಣಿಸಬೇಕು. ಮಳೆಗಾಲದಲ್ಲಿ ಗ್ಯಾರೇಜಿನಲ್ಲಿ ನಿಂತಿದ್ದರೂ ಬಿಡುವಂತಿಲ್ಲ. ಲೋನಿನಲ್ಲಿ ಕೊಂಡ ಗಾಡಿಗೂ ನೀವೇ ಮಾಲೀಕರು. ಈ ದಾರಿ ಹಿಡಿದವರಿಗೆ ಡೀಸೆಲ್ ಬೇರೆಯಾಗಿ ಸಿಗುವುದಿಲ್ಲ, ಬಿಲ್ ಇಡುವ ಕಾಯ್ದೆಯ ಕಡ್ಡಾಯವೂ ಇಲ್ಲ.

ಇದು ಬಾಡಿಗೆಗೆ ಓಡಿಸುವ ವ್ಯಾಪಾರಕ್ಕೆ ಮಾತ್ರ. ಹಾರ್ಡ್‌ವೇರ್ ಅಂಗಡಿಯವರು ತಮ್ಮದೇ ಸಿಮೆಂಟು ಸಾಗಿಸಲು ಇಟ್ಟ ಪಿಕಪ್ಪನ್ನು 44ಎಇಗೆ ಸೇರಿಸುವುದು ತಪ್ಪು. ಆಟೋ, ಟ್ಯಾಕ್ಸಿ, ಮದುವೆ ಟ್ರಿಪ್ಪಿನ ಟೆಂಪೋ ಟ್ರಾವೆಲರ್ ಜನ ಸಾಗಿಸುವ ಗಾಡಿಗಳು, ಅವೂ ಇಲ್ಲಿ ಸೇರವು.

ಹೊಸ ತೆರಿಗೆ ಪದ್ಧತಿ ಆರಿಸಿದರೆ ಪೆಟ್ರೋಲ್ ಖರ್ಚು ಹೋಗುತ್ತದಂತೆ, ನಿಜವೇ?

ಇಲ್ಲ. ಹೊಸ ಪದ್ಧತಿಯಲ್ಲಿ ಹೋಗುವುದು 80ಸಿಯಂಥ ಉಳಿತಾಯದ ವಿನಾಯಿತಿಗಳು. ವ್ಯಾಪಾರದ ಲಾಭ ಕಟ್ಟುವಾಗ ಕಳೆಯುವ ಎಣ್ಣೆ, ರಿಪೇರಿ, ವಿಮೆ, ಮಾಮೂಲು ಸವಕಳಿ ಹಾಗೆಯೇ ಇವೆ.

ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ತೋರಿಸಬಹುದೇ?

ಅಮೆರಿಕದ ವಿಡಿಯೋ ನೋಡಿ ಈ ಪ್ರಶ್ನೆ ಬರುತ್ತದೆ. ಅಲ್ಲಿ ಸರಕಾರವೇ ಮೈಲಿಗೆ ದರ ಗೊತ್ತು ಮಾಡುತ್ತದೆ. ನಮ್ಮಲ್ಲಿ ವ್ಯಾಪಾರದ ಲಾಭಕ್ಕೆ ಅಂಥ ದರ ಇಲ್ಲ, ನಿಜವಾಗಿ ಕೊಟ್ಟ ಹಣ ಮಾತ್ರ. ಕಿಲೋಮೀಟರು ಬೇಕಾಗುವುದು ಆ ಹಣದಲ್ಲಿ ವ್ಯಾಪಾರದ ಪಾಲೆಷ್ಟು ಎಂದು ತೋರಿಸಲು.

ಕಾರು ಮನೆಗೂ ವ್ಯಾಪಾರಕ್ಕೂ ಓಡುತ್ತದೆ. ಪಾಲು ಹೇಗೆ ಕಟ್ಟುವುದು?

ಏಪ್ರಿಲ್ 1ರಂದು ಮೀಟರಿನ ಫೋಟೋ ತೆಗೆಯಿರಿ, ಮಾರ್ಚ್ 31ರಂದು ಮತ್ತೊಂದು. ನಡುವಿನದ್ದು ವರ್ಷದ ಒಟ್ಟು ಓಟ. ಲಾಗ್ ಪುಸ್ತಕದಲ್ಲಿರುವ ವ್ಯಾಪಾರದ ಕಿಲೋಮೀಟರುಗಳನ್ನು ಕೂಡಿಸಿ ಒಟ್ಟು ಓಟದಿಂದ ಭಾಗಿಸಿ.

ಒಟ್ಟು 20,000 ಕಿ.ಮೀ., ವ್ಯಾಪಾರಕ್ಕೆ 14,000 ಎಂದಿಟ್ಟುಕೊಳ್ಳಿ. ಪಾಲು ಶೇ. 70. ಎಣ್ಣೆಗೆ 1,40,000 ರೂ. ಆಗಿದ್ದರೆ 98,000 ಕಳೆಯಬಹುದು. ಸರ್ವಿಸ್, ಟಯರು, ವಿಮೆಗೂ ಅದೇ ಶೇ. 70. ಸವಕಳಿಗೂ ಅದೇ: 8 ಲಕ್ಷದ ಕಾರಿಗೆ ಶೇ. 15ರಂತೆ 1,20,000, ಅದರಲ್ಲಿ 84,000. ಕಾರನ್ನು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ, ಅಂದರೆ ಅಕ್ಟೋಬರ್ ಮೊದಲ ವಾರದ ನಂತರ ಕೊಂಡದ್ದಾದರೆ, ಮೊದಲ ವರ್ಷ ಸವಕಳಿ ಅರ್ಧ. ಬಾಡಿಗೆಗೆ ಓಡುವ ಟ್ಯಾಕ್ಸಿ, ಲಾರಿ, ಬಸ್ಸಿಗೆ ಸವಕಳಿ ಶೇ. 30.

ಲಾಗ್ ಇಲ್ಲದಿದ್ದರೆ ಅಧಿಕಾರಿ ತನ್ನ ಅಂದಾಜಿನಲ್ಲಿ ಒಂದು ಪಾಲನ್ನು ಸ್ವಂತದ್ದೆಂದು ತೆಗೆದುಹಾಕುತ್ತಾರೆ. ನ್ಯಾಯವಾದ ಪಾಲು ಎಷ್ಟೆಂದು ಕಟ್ಟುವ ಅಧಿಕಾರ ಸೆಕ್ಷನ್ 38(2) ಅವರಿಗೆ ಕೊಟ್ಟಿದೆ. ಅವರ ಅಂದಾಜಿನೊಂದಿಗೆ ವಾದ ಮಾಡಲು ನಿಮ್ಮ ಕೈಯಲ್ಲಿ ಇರುವ ಸಾಧನ ಆ ಪುಸ್ತಕ ಒಂದೇ.

ಲಾಗ್ ಪುಸ್ತಕದಲ್ಲಿ ಏನೇನು ಬರೆಯಬೇಕು?

ನೂರು ಪುಟದ ಗೆರೆ ನೋಟ್‌ಬುಕ್ ಸಾಕು, ಗಾಡಿಯಲ್ಲೇ ಇರಲಿ. ಒಂದು ಸಾಲು ಹೀಗಿರಬೇಕು:

ಜೂನ್ 12 — ಮೀಟರು 48,210ರಿಂದ 48,314 — 104 ಕಿ.ಮೀ. — ಕಾಸರಗೋಡು-ಮಂಗಳೂರು ಬಂದರು-ವಾಪಸು — ಸಗಟು ಅಂಗಡಿಯಿಂದ ಬೇಳೆ 6 ಮೂಟೆ, ಖರೀದಿ ಬಿಲ್ 1127 — ಡೀಸೆಲ್ 22.4 ಲೀ., ಬಂಕ್ ಬಿಲ್ 5083.

ಇಲ್ಲಿ ಬೆಲೆಬಾಳುವುದು ಖರೀದಿ ಬಿಲ್ಲಿನ ನಂಬರು. ಆ ದಿನ ನೀವು ಮಂಗಳೂರಿಗೆ ವ್ಯಾಪಾರಕ್ಕೇ ಹೋದಿರಿ ಎನ್ನಲು ಅದು ಸಾಕ್ಷಿ. ತಲಪಾಡಿ ಟೋಲಿನಲ್ಲಿ ಫಾಸ್ಟ್ಯಾಗ್ ಹಣ ಕಡಿತವಾದ ದಿನ ಮತ್ತು ಹೊತ್ತು ಅದಕ್ಕೆ ಜೋಡಿ ಸಾಕ್ಷಿ. ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನು ಪ್ರತಿ ಮೂರು ತಿಂಗಳಿಗೆ ಇಳಿಸಿ ಇಟ್ಟುಕೊಳ್ಳಿ.

"ವ್ಯಾಪಾರ ನಿಮಿತ್ತ" ಎಂದಷ್ಟೇ ದಿನವೂ ಬರೆದ ಪುಸ್ತಕಕ್ಕೆ ಬೆಲೆ ಇಲ್ಲ. ಮಾರ್ಚಿನಲ್ಲಿ ಕೂತು ಒಂದೇ ಪೆನ್ನಿನಲ್ಲಿ ಇಡೀ ವರ್ಷದ್ದು ಬರೆದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ. ದಿನ ಬಿಟ್ಟುಹೋದರೆ ಬಿಟ್ಟುಹೋಗಲಿ, ಊಹಿಸಿ ತುಂಬಬೇಡಿ.

ಕನ್ನಡದಲ್ಲೇ ಬರೆಯಿರಿ. ಈಗ ತನಿಖೆ ಆನ್‌ಲೈನಿನಲ್ಲಿ ನಡೆಯುತ್ತದೆ, ನಿಮ್ಮ ಕಡತ ದೇಶದ ಯಾವ ಮೂಲೆಯ ಅಧಿಕಾರಿಯ ಬಳಿಗೂ ಹೋಗಬಹುದು. ಹಾಗಾಗಿ ಕೇಳಿದಾಗ ಆ ಪುಟಗಳ ಇಂಗ್ಲಿಷ್ ಅನುವಾದ ಜೊತೆಗಿಟ್ಟು ಕಳಿಸಬೇಕಾಗುತ್ತದೆ.

ಮನೆಯಿಂದ ಅಂಗಡಿಗೆ ಹೋಗಿಬರುವುದು?

ಅದು ಸ್ವಂತ ಓಟ. ನೀರ್ಚಾಲಿನ ಮನೆಯಿಂದ ಕುಂಬಳೆಯ ಅಂಗಡಿಗೆ ದಿನವೂ ಹೋಗುವುದನ್ನು ಸೇರಿಸಬೇಡಿ. ಅಂಗಡಿಯಿಂದ ಗಿರಾಕಿಯ ಮನೆಗೆ, ಬ್ಯಾಂಕಿಗೆ, ಗೋದಾಮಿಗೆ ಹೋದದ್ದು ವ್ಯಾಪಾರದ್ದು.

ಬಂಕಿನ ಬಿಲ್ಲಿನಲ್ಲಿ ಏನು ನೋಡಬೇಕು?

ದಿನಾಂಕ, ಬಿಲ್ ನಂಬರು, ಲೀಟರು, ದರ, ಗಾಡಿಯ ನಂಬರು. ಮೆಷಿನ್ ಬಿಲ್ಲಿನಲ್ಲಿ ಗಾಡಿ ನಂಬರು ಬಹಳ ಸಲ ಖಾಲಿ ಇರುತ್ತದೆ. "ಕೆಎಲ್ 14 ನಂಬರು ಹೊಡೆಯಿರಿ" ಎಂದು ಎಣ್ಣೆ ಹಾಕುವ ಮೊದಲೇ ಹೇಳಬೇಕು, ಬಿಲ್ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ಆ ಕಾಗದದ ಮೇಲಿನ ಅಕ್ಷರ ಬಿಸಿಗೆ ಅಳಿಸುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಡ್ಯಾಷ್‌ಬೋರ್ಡಿನ ಮೇಲಿಟ್ಟರೆ ಕೆಲವೇ ತಿಂಗಳಲ್ಲಿ ಬಿಳಿ ಚೀಟಿ ಉಳಿದೀತು. ಅದೇ ದಿನ ಫೋಟೋ ತೆಗೆದು ತಿಂಗಳ ಹೆಸರಿನ ಫೋಲ್ಡರಿಗೆ ಹಾಕಿ.

ಯುಪಿಐ ಮೆಸೇಜು ಹಣ ಕೊಟ್ಟದ್ದನ್ನು ತೋರಿಸುತ್ತದೆ, ಯಾವ ಗಾಡಿಗೆ ಎಂದು ತೋರಿಸುವುದಿಲ್ಲ. ಬಿಲ್ಲೂ ಬೇಕು, ಪಾವತಿಯೂ ಬೇಕು. ಪಾವತಿ ವ್ಯಾಪಾರದ ಖಾತೆಯಿಂದಲೇ ಹೋಗಲಿ.

ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಹಾಕಿಸಿದ ಬಿಲ್ ನಡೆಯುತ್ತದೆಯೇ? ಮಾಹೆಯದ್ದು?

ನಡೆಯುತ್ತದೆ. ಆದಾಯ ತೆರಿಗೆ ಕೇಂದ್ರದ ಕಾಯ್ದೆ, ಅದಕ್ಕೆ ರಾಜ್ಯದ ಗಡಿ ಇಲ್ಲ. ಕೇರಳ 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ಹಾಕಿದೆ. ಹಾಗಾಗಿ ದಾರಿಯಲ್ಲೇ ಸಿಕ್ಕರೆ ಆಚೆ ತುಂಬಿಸುವುದು ಬುದ್ಧಿವಂತಿಕೆಯೇ. ಆದರೆ ಕಡಿಮೆ ದರಕ್ಕೆಂದೇ ಮುಳ್ಳೇರಿಯದಿಂದ ತಲಪಾಡಿಗೆ ಹೋದರೆ ಆ ಓಟಕ್ಕೆ ವ್ಯಾಪಾರದ ಕಾರಣ ತೋರಿಸುವುದು ಕಷ್ಟ, ಉಳಿಯುವುದೂ ಏನೂ ಇಲ್ಲ.

ಬಂಕಿನಲ್ಲಿ ಸಾಲದ ಖಾತೆ ಇದೆ, ತಿಂಗಳಿಗೊಮ್ಮೆ ನಗದು ಕೊಡುತ್ತೇನೆ. ತೊಂದರೆ ಇದೆಯೇ?

ದೊಡ್ಡ ತೊಂದರೆ ಇದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಸೆಕ್ಷನ್ 40ಎ(3)ರ ಪ್ರಕಾರ ಆ ಮೊತ್ತ ಪೂರ್ತಿ ಖರ್ಚಾಗಿ ಸಿಗುವುದಿಲ್ಲ. 28,000 ರೂ. ನಗದು ಕೊಟ್ಟರೆ ಹೋಗುವುದು 18,000 ಅಲ್ಲ, 28,000. ಅದೇ ದಿನ ಮೂರು ರಸೀದಿ ಮಾಡಿಸಿದರೂ ಪ್ರಯೋಜನವಿಲ್ಲ, ದಿನದ ಒಟ್ಟು ನೋಡುತ್ತಾರೆ. ಡೀಸೆಲ್ ನಿಜ, ಗಾಡಿ ನಿಜ, ಬಿಲ್ ನಿಜ, ಆದರೂ ನಗದು ಕೊಟ್ಟದ್ದಕ್ಕೆ ಖರ್ಚು ಹೋಗುತ್ತದೆ. ಚೆಕ್, ನೆಫ್ಟ್ ಅಥವಾ ಯುಪಿಐ ಮಾಡಿ.

35,000 ರೂ.ವರೆಗೆ ನಗದು ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆ ಮಿತಿ ಸರಕು ಗಾಡಿ ಬಾಡಿಗೆಗೆ ಪಡೆದಾಗ ಲಾರಿಯವರಿಗೆ ಕೊಡುವ ಬಾಡಿಗೆಗೆ. ಬಂಕಿಗೆ ಕೊಡುವ ಎಣ್ಣೆಯ ಹಣಕ್ಕೆ ಅದು ಅನ್ವಯಿಸದು.

ಡೀಸೆಲ್ ಮೇಲೆ ಜಿಎಸ್‌ಟಿ ಇನ್‌ಪುಟ್ ಸಿಗುತ್ತದೆಯೇ?

ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯೊಳಗೆ ಬಂದೇ ಇಲ್ಲ. ಅವುಗಳ ಮೇಲಿರುವುದು ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ. ಹಾಗಾಗಿ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ಜಿಎಸ್‌ಟಿಯಿಂದ ಕಳೆಯುವ ಪ್ರಶ್ನೆಯೇ ಇಲ್ಲ, ಬಿಲ್ಲಿನ ಪೂರ್ತಿ ಹಣ ಖರ್ಚು. ಗಾಡಿಯ ರಿಪೇರಿ, ಟಯರು, ವಿಮೆಗೆ ಜಿಎಸ್‌ಟಿ ಇದೆ: ಸರಕು ಗಾಡಿಯದ್ದಾದರೆ ಇನ್‌ಪುಟ್ ತೆಗೆಯಬಹುದು, ಅಂಗಡಿಯವರ ಕಾರಿನದ್ದು ಸಾಮಾನ್ಯವಾಗಿ ಸಿಗುವುದಿಲ್ಲ. ಇನ್‌ಪುಟ್ ತೆಗೆದ ತೆರಿಗೆಯನ್ನು ಮತ್ತೆ ಖರ್ಚಿಗೆ ಹಾಕಬೇಡಿ.

ಗಾಡಿ ಹೆಂಡತಿಯ ಅಥವಾ ಅಪ್ಪನ ಹೆಸರಿನಲ್ಲಿದೆ.

ಎಣ್ಣೆ ಕಳೆಯಲು ನೀವೇ ಮಾಲೀಕರಾಗಬೇಕೆಂದಿಲ್ಲ, ನಿಮ್ಮ ವ್ಯಾಪಾರಕ್ಕೆ ಓಡಿದರೆ ಸಾಕು. ಸವಕಳಿಗೆ ಮಾತ್ರ ಮಾಲೀಕತ್ವ ಬೇಕು. ಗಾಡಿ ನಿಮ್ಮ ಬಳಕೆಯಲ್ಲಿದೆ ಎಂದು ಅವರಿಂದ ಒಂದು ಕಾಗದ ಬರೆಸಿಕೊಳ್ಳಿ.

ಅಂಗಡಿಯ ಹುಡುಗರ ಬೈಕಿಗೆ ಪೆಟ್ರೋಲ್ ಹಣ ಕೊಡುತ್ತೇನೆ.

ಯಾವ ದಿನ, ಎಲ್ಲಿಗೆ, ಎಷ್ಟು ಎಂದು ವೋಚರು ಬರೆದು ಸಹಿ ಹಾಕಿಸಿ, ಬಂಕಿನ ಬಿಲ್ ಅಂಟಿಸಿ. ಏನನ್ನೂ ಕೇಳದೆ ತಿಂಗಳಿಗೆ ಇಂತಿಷ್ಟು ಎಂದು ಕೊಟ್ಟರೆ ಅದು ಅವರ ಸಂಬಳದ ಭಾಗದಂತೆ ಕಾಣುತ್ತದೆ.

ಎಣ್ಣೆಯ ಜೊತೆ ಇನ್ನೇನು ಸೇರುತ್ತದೆ, ಏನು ಸೇರದು?

ಟೋಲು, ಪಾರ್ಕಿಂಗ್, ಸರ್ವಿಸ್, ವಿಮೆ, ಪರ್ಮಿಟ್ ಫೀಸು, ಡ್ರೈವರ ಸಂಬಳ, ಗಾಡಿ ಸಾಲದ ಬಡ್ಡಿ ಸೇರುತ್ತವೆ. ಕಂತಿನ ಅಸಲು ಸೇರದು. ಇಎಂಐ ಪೂರ್ತಿ ಖರ್ಚಿಗೆ ಬರೆಯುವವರು ಬಹಳ ಮಂದಿ, ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತರಿಸಿ ಬೇರೆ ಮಾಡಿ. ಹೊಸ ಗಾಡಿಯ ಒಂದೇ ಸಲದ ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಗಾಡಿಯ ಬೆಲೆಗೆ ಸೇರಿ ಸವಕಳಿಯಾಗಿ ಬರುತ್ತವೆ. 10 ಲಕ್ಷಕ್ಕಿಂತ ಮೇಲಿನ ಕಾರಿಗೆ ಶೋರೂಮಿನವರು ಹಿಡಿದ ಶೇ. 1 ಟಿಸಿಎಸ್ (ಮಾರುವವರು ಮೊದಲೇ ವಸೂಲು ಮಾಡುವ ಆದಾಯ ತೆರಿಗೆ) ಖರ್ಚೇ ಅಲ್ಲ, ನಿಮ್ಮ ತೆರಿಗೆಗೆ ಜಮಾ. ಓವರ್‌ಲೋಡ್ ದಂಡ, ಕ್ಯಾಮರಾ ದಂಡ ಕಳೆಯುವಂತಿಲ್ಲ. ಕಾನೂನು ಮುರಿದದ್ದಕ್ಕೆ ಕೊಟ್ಟ ಹಣವನ್ನು ಕಾಯ್ದೆ ವ್ಯಾಪಾರದ ಖರ್ಚು ಎನ್ನುವುದಿಲ್ಲ.

ನಾನು ಶಾಲೆಯ ಅಧ್ಯಾಪಕ. ಬೈಕಿನ ಪೆಟ್ರೋಲ್ ಕಳೆಯಬಹುದೇ?

ಇಲ್ಲ. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ: ಹೊಸ ಪದ್ಧತಿಯಲ್ಲಿ 75,000 ರೂ., ಹಳೆಯದರಲ್ಲಿ 50,000 ರೂ.

ಐಟಿಆರ್-3ರಲ್ಲಿ ಎಲ್ಲಿ ಬರೆಯುವುದು?

ಲಾಭ-ನಷ್ಟದ ಪಟ್ಟಿಯಲ್ಲಿ ಪ್ರಯಾಣ ಅಥವಾ ಕನ್ವೆಯನ್ಸ್ ಸಾಲಿನಲ್ಲಿ. ಯಾವ ಸಾಲು ಆರಿಸಿದರೂ ವರ್ಷ ವರ್ಷ ಅದನ್ನೇ ಹಿಡಿಯಿರಿ. ಪುಸ್ತಕದಲ್ಲಿ ಎಣ್ಣೆಯ ಪೂರ್ತಿ ಮೊತ್ತ ಖರ್ಚಾಗಿ ಬರೆದಿದ್ದರೆ ಸ್ವಂತದ ಪಾಲನ್ನು "ಇತರ ಮಾಹಿತಿ" ಭಾಗದಲ್ಲಿ, ಸೆಕ್ಷನ್ 37ರಡಿ ಸ್ವಂತ ಖರ್ಚಿನ ಕಾಲಂನಲ್ಲಿ ತೋರಿಸಿ ವಾಪಸು ಸೇರಿಸಬೇಕು. ಪುಸ್ತಕದಲ್ಲೇ ಕಳೆದು ಬರೆದಿದ್ದರೆ ಮತ್ತೆ ಅಲ್ಲಿ ಹಾಕಬೇಡಿ, ಎರಡು ಸಲ ಹೋಗುತ್ತದೆ.

ಬಿಲ್ ಎಷ್ಟು ವರ್ಷ ಇಡಬೇಕು?

ಜಿಎಸ್‌ಟಿ ನೋಂದಣಿ ಇದ್ದವರು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಇಡಲೇಬೇಕು. ವರ್ಷಕ್ಕೊಂದು ಫೈಲು ಮಾಡಿ ಎಂಟು ವರ್ಷ ಇಟ್ಟರೆ ಯಾವ ಕಡೆಯಿಂದ ಕೇಳಿದರೂ ಚಿಂತೆ ಇಲ್ಲ.

ಬಿಲ್ ಕಡಿಮೆ ಬಿದ್ದರೆ ಬಂಕಿನಿಂದ ಖಾಲಿ ಬಿಲ್ ತಂದು ತುಂಬಿಸುವವರಿದ್ದಾರೆ. ಹಿಡಿಯುತ್ತಾರೆಯೇ?

ಹಿಡಿಯುವುದು ಸುಲಭ, ಏಕೆಂದರೆ ಎಣ್ಣೆಗೆ ತನ್ನದೇ ಗಣಿತ ಇದೆ. ಪಿಕಪ್ ವರ್ಷಕ್ಕೆ 24,000 ಕಿ.ಮೀ. ಓಡಿದೆ, ಲೀಟರಿಗೆ 12 ಕಿ.ಮೀ. ಕೊಡುತ್ತದೆ ಎಂದಾದರೆ 2,000 ಲೀಟರು ಬೇಕು. ಲೆಕ್ಕಕ್ಕೆ ಲೀಟರಿಗೆ 100 ರೂ. ಹಿಡಿದರೆ 2 ಲಕ್ಷ. ನೀವು 3.5 ಲಕ್ಷ ಬರೆದಿದ್ದರೆ ಉಳಿದ 1,500 ಲೀಟರು ಎಲ್ಲಿಗೆ ಹೋಯಿತು ಎಂದು ಕೇಳುತ್ತಾರೆ. ಓಟ ಸುಳ್ಳು ಹೇಳಲಾಗದು, ಸರ್ವಿಸ್ ಸೆಂಟರಿನ ಪ್ರತಿ ಬಿಲ್ಲಿನಲ್ಲೂ ಮೀಟರಿನ ಅಂಕಿ ಇರುತ್ತದೆ. ಒಂದೇ ಪುಸ್ತಕದ ಸಾಲು ನಂಬರಿನ ಬಿಲ್ಲುಗಳು ಬೇರೆ ಬೇರೆ ತಿಂಗಳಿನದ್ದಾಗಿರುವುದು, 40 ಲೀಟರಿನ ಟ್ಯಾಂಕಿಗೆ 55 ಲೀಟರು ಹಾಕಿಸಿದ್ದು, ಪೆಟ್ರೋಲ್ ಕಾರಿಗೆ ಡೀಸೆಲ್ ಬಿಲ್ ಇವೆಲ್ಲ ಕಡತ ತೆರೆದ ಕೂಡಲೇ ಕಾಣುತ್ತವೆ.

ಕಡಿಮೆ ತೋರಿಸಿದ ಆದಾಯದ ತೆರಿಗೆಯ ಮೇಲೆ ಶೇ. 50 ದಂಡ. ಸುಳ್ಳು ನಮೂದು ಅಥವಾ ಯಾವ ಆಧಾರವೂ ಇಲ್ಲದ ಖರ್ಚು ಎಂದು ಕಂಡರೆ ಶೇ. 200. ಬಿಲ್ ಕಳೆದುಹೋದದ್ದು ನಿಜವೇ ಆದರೆ ಆ ದಿನದ ಯುಪಿಐ ಪಾವತಿ, ಲಾಗ್ ಪುಸ್ತಕದ ಸಾಲು, ಖರೀದಿ ಬಿಲ್ ಇವನ್ನು ಜೋಡಿಸಿ ಒಂದು ವೋಚರು ಬರೆದಿಡಿ. ಹತ್ತು ಬಿಲ್ಲಿನಲ್ಲಿ ಒಂದೆರಡು ಹಾಗಿದ್ದರೆ ವಿವರಣೆ ಕೊಡಲು ಆಗುತ್ತದೆ, ಹತ್ತೂ ಹಾಗೆಯೇ ಇದ್ದರೆ ಆಗದು.